ಕುದುರೆಯ ರಕ್ತದ ಸೂಜಿ

ಬೆಳಿಗ್ಗೆ ಒಂಬತ್ತಕ್ಕೆ ಧಾರವಾಡದ ಜ್ಯುಬಿಲಿ ಸರ್ಕಲ್ಲಿನಲ್ಲಿ ತಂಗಿ ಗಂಗಾಳನ್ನು ಕರೆದುಕೊಂಡು ಚಿಗರಿ ಎಂಬ ಎಸಿ ಬಸ್ಸು ಹತ್ತಿದೆ. ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರು, ಮುಕ್ಕಾಲು ಗಂಟೆಯ ಹಾದಿ. ಎರಡು ದಿನದಿಂದ ಅವಳಿಗೆ ಜ್ವರ, ನುಂಗಲು ತ್ರಾಸು. ವಿದ್ಯಾನಗರದಲ್ಲಿ ಗಂಟಲಿನ ಡಾಕ್ಟರರೊಬ್ಬರು ಛಲೋ ನೋಡುತ್ತಾರೆಂದು ಪಕ್ಕದ ಮನೆಯವರು ಹೇಳಿದ್ದರು. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಕೂರಲು ಜಾಗ ಸಿಕ್ಕಿತಲ್ಲ ಎಂದು ನಾನು, ಮೂರ್ಖ, ಖುಷಿಪಟ್ಟೆ.

ನವಲೂರು ದಾಟುವಷ್ಟರಲ್ಲಿ ಬಸ್ಸಿನ ಎಸಿ ಗಾಳಿ ಅವಳ ಮುಖಕ್ಕೆ ಬಡಿಯಿತು. ಗಂಗಾ ಕುತ್ತಿಗೆ ಸೆಟೆದುಕೊಂಡು, ಬಾಯಿ ತೆರೆದು, ಉಸಿರು ಸಿಗದವರಂತೆ ಒದ್ದಾಡಿದಳು. ನೀರಿನ ಬಾಟಲಿ ತೆರೆದು ಹಿಡಿದೆ. ನೋಡಿದ್ದೇ ತಡ, ಎರಡೂ ಕೈಯಿಂದ ತಳ್ಳಿಬಿಟ್ಟಳು.

"ಬ್ಯಾಡೋ ಅಣ್ಣಾ! ಅದನ್ನ ತಗದಿಡು. ನೋಡಿದ್ರ ಸಾಕು, ಗಂಟ್ಲ ಹಿಡ್ಯಾಕತ್ತೇತಿ."

ಬಾಟಲಿಯ ಮುಚ್ಚಳ ಬಿಗಿದು ಚೀಲಕ್ಕೆ ತುರುಕಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮಾಸ್ತರ ನಾನು. ಗಾಳಿಗೆ ಅಂಜುವುದು, ನೀರಿಗೆ ಅಂಜುವುದು ಯಾವ ರೋಗದ ಲಕ್ಷಣವೆಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ.

ರಾಯಾಪುರದಲ್ಲಿ ಬಸ್ಸು ನಿಂತಾಗ ನೆನಪು ಮಾಡಿಕೊಂಡೆ. ನಾಯಿ ಕಡಿದು ಆರು ವಾರ. ದಿನಾ ಮುಂಜಾನೆ ಮೊದಲ ರೊಟ್ಟಿಯನ್ನು ಓಣಿಯ ನಾಯಿಗೆ ಹಾಕುವುದು ಗಂಗಾಳ ಪದ್ಧತಿ. ಅವತ್ತು ಅದು ರೊಟ್ಟಿ ಬಿಟ್ಟು ಬೆರಳಿಗೆ ಬಾಯಿ ಹಾಕಿತು, ಎಲುಬು ಕಾಣುವ ಹಾಗೆ. ತಕ್ಷಣ ಆಸ್ಪತ್ರೆಗೆ ಕರೆದೊಯ್ದೆ. "ಲಸಿಕಿ ಒಂದ ಸಾಲಂಗಿಲ್ರಿ, ಗಾಯದಾಗ ಸೀರಮ್ ಸೂಜಿನೂ ಹಾಕಬೇಕು" ಎಂದರು ನರ್ಸಬಾಯಿ. ಗಂಗಾ ನನ್ನತ್ತ ತಿರುಗಿ, "ಅದನ್ನ ಯಾತರಿಂದ ಮಾಡ್ತಾರಣ್ಣಾ?" ಎಂದು ಕೇಳಿದಳು.

ಔಷಧ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಶಾಣ್ಯಾತನ ಸುಮ್ಮನಿರಬೇಕಲ್ಲ! ಕುದುರೆಗೆ ಲಸಿಕೆ ಚುಚ್ಚುತ್ತಾರೆ, ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಹುಟ್ಟುತ್ತದೆ, ಆ ರಕ್ತ ತೆಗೆದು ತಿಳಿಯನ್ನು ಶುದ್ಧ ಮಾಡುತ್ತಾರೆ ಎಂದು ಪಾಠವನ್ನೇ ಮಾಡಿದೆ. ಗಂಗಾ ಕೊರಳ ಇಷ್ಟಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಎದ್ದುನಿಂತಳು. "ತತ್ತಿ ಸೈತ ಮುಟ್ಟಿದಾಕಿ ಅಲ್ಲ ನಾ. ಲಿಂಗ ಕಟ್ಟಿದ ಮೈಯಾಗ ಕುದುರಿ ರಕ್ತ? ಸತ್ತರೂ ಒಲ್ಲೆ." ನರ್ಸಬಾಯಿ ಬೇಡಿಕೊಂಡರು. ನಾನು ಸಿಟ್ಟಿಗೆದ್ದು "ನಿನ್ನ ಹಣೇಬಾರ" ಎಂದೆ. ಲಸಿಕೆಯನ್ನು ಮಾತ್ರ ಒಂದೂ ತಪ್ಪಿಸದೆ ಹಾಕಿಸಿದೆವು. ಅಷ್ಟು ಸಾಕೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಬೈರಿದೇವರಕೊಪ್ಪದ ಹತ್ತಿರ ಮುಂದಿನ ಸೀಟಿನ ಹೆಣ್ಣುಮಗಳು ಹೊರಳಿ ನೋಡಿ, "ಕಾಕಾ, ಅವರಿಗೆ ಒಂದೀಟ ನೀರ ಕುಡಸ್ರಿ, ಆರಾಮ ಆಕ್ಕೇತಿ" ಎಂದಳು. ಗಂಗಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆ ಪುಣ್ಯಾತ್ಗಿತ್ತಿಗೆ "ಆತವಾ" ಎಂದೆ.

ವಿದ್ಯಾನಗರದಲ್ಲಿ ಇಳಿದು, ಗಂಟಲಿನ ಡಾಕ್ಟರರನ್ನು ಬಿಟ್ಟು, ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹೋದೆವು. ಸಣ್ಣ ವಯಸ್ಸಿನ ಡಾಕ್ಟರಮ್ಮ ಗಂಗಾಳ ಮುಖದ ಮುಂದೆ ಒಂದು ಕಾಗದ ಬೀಸಿ ನೋಡಿ, ನನ್ನನ್ನು ಹೊರಗೆ ಕರೆದರು.

"ಆ ಸೀರಮ್ ಈಗ ಹಾಕಿದ್ರ?" ಎಂದೆ.

"ರೇಬೀಸ್ ಮಿದುಳಿಗೆ ಏರೇತ್ರಿ ಸರ್. ಈಗ ಏನೂ ಉಪಯೋಗಿಲ್ಲ. ತ್ರಾಸ ಕಡಿಮಿ ಮಾಡ್ತೇವಿ, ಅಷ್ಟ."

ಎಷ್ಟು ದಿನ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಗೋಡೆಗೆ ಆತು ನಿಂತು ಅತ್ತೆ, ಓಡಾಡುವ ಜನ ನೋಡುತ್ತಿದ್ದರೂ.

ಅವಳನ್ನು ಫ್ಯಾನು ಆರಿಸಿದ ಕೋಣೆಯಲ್ಲಿ ಮಲಗಿಸಿದ್ದರು. ಒಳಗೆ ಹೋದಕೂಡಲೇ ನನ್ನ ಕೈ ಹಿಡಿದಳು. "ಅವತ್ತ ಹಟಾ ಮಾಡಿದೆ, ತಪ್ಪಾತಣ್ಣಾ. ಆ ಕುದುರಿ ಸೂಜಿ ಹಾಕ್ರಿ ಅಂತ ಹೇಳು. ಶಿವಾ ಏನೂ ಅನ್ನಂಗಿಲ್ಲ. ನಾ ಬದುಕಬೇಕೋ."

ಅಷ್ಟರಲ್ಲಿ ನರ್ಸು ಮಂಪರು ಬರಿಸುವ ಸೂಜಿ ತಂದರು.

"ಇದ ಏನಣ್ಣಾ ಆ ಕುದುರಿ ಸೂಜಿ?"

"ಹೂಂ, ಅದ" ಎಂದೆ.

ಗಂಗಾ ತಾನೇ ರವಿಕೆಯ ತೋಳು ಮೇಲೇರಿಸಿ ಕೈ ಮುಂದೆ ಚಾಚಿದಳು.