ಒಂದು ಎಸ್ಟೇಟಿಗೆ ಎರಡು ಬೆಲ್

ಮೊನ್ನೆ ಜಗಲಿಯಲ್ಲಿ ಕೂತು ಕಾಳುಮೆಣಸು ಕೇರುತ್ತಿದ್ದೆ. ಹಿತ್ತಿಲಿನಿಂದ ಮೊಮ್ಮಗ ಏನನ್ನೋ ಉರುಳಿಸಿಕೊಂಡು ಬಂದ. ನೋಡಿದರೆ ಹಳೆಯ ಜೀಪಿನ ಬ್ರೇಕ್ ಡ್ರಮ್ಮು. ಇಷ್ಟು ವರ್ಷ ಗುಲಾಬಿ ಕುಂಡದ ಕೆಳಗೆ ಮಣೆಯಾಗಿ ಬಿದ್ದಿತ್ತು, ಮೈತುಂಬ ತುಕ್ಕು. 'ಅಜ್ಜಿ, ಇದೇನು?' ಎಂದ. 'ಅದು ನಿಮ್ಮಮ್ಮನ ಸ್ಕೂಲು ಕಣೋ' ಎಂದೆ. ಅವನು ಅದರ ತೂತಿನೊಳಗೆ ಇಣುಕಿ ನೋಡಿದ.

ಅವನಮ್ಮ, ಅಂದರೆ ನನ್ನ ಮಗಳು ಗೌರಿ, ಹಾಸನದಿಂದ ಬಂದದ್ದೇ ಶಾಲೆಯ ವಿಷಯ ಮಾತಾಡಲು. ಮಗನನ್ನು ಶಾಲೆಗೆ ಸೇರಿಸುವುದಿಲ್ಲವಂತೆ, ಮನೆಯಲ್ಲೇ ಕಲಿಸುತ್ತಾಳಂತೆ. ಮೊಬೈಲಿನಲ್ಲಿ ಏನೇನೋ ಓದಿ ತಲೆ ಕೆಡಿಸಿಕೊಂಡಿದ್ದಳು. 'ನೀನು ಮೊದ್ಲು ಎಲ್ಲಿಂದ ಶುರು ಮಾಡಿದೆಯಮ್ಮ?' ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ನಾನು ಶುರು ಮಾಡಿದ ಚಂದವನ್ನು ನೀವೂ ಕೇಳಿ. ನೋಡಿ ಕಲಿಯಲು ಮಾತ್ರ ಹೋಗಬೇಡಿ.

ಆಗ ನಮ್ಮ ಯಜಮಾನರು ಇಲ್ಲೇ ವನಗೂರಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕಪತ್ರ ನೋಡಿಕೊಳ್ಳುವವರು. ಗೌರಿಯೂ ಅವಳ ತಮ್ಮ ಬಸವನೂ ಜೀಪಿನಲ್ಲಿ ಸಕಲೇಶಪುರದ ಶಾಲೆಗೆ ಹೋಗಿಬರುತ್ತಿದ್ದರು. ಹೋಗಿಬರುತ್ತಿದ್ದರು ಎನ್ನುವುದು ದೊಡ್ಡ ಮಾತಾಯಿತು. ಏರಿನಲ್ಲಿ ಜೀಪು ಹೂತುಕೊಂಡರೆ ಮಕ್ಕಳೇ ಇಳಿದು ತಳ್ಳಿ, ಕೆಸರು ಮೆತ್ತಿಸಿಕೊಂಡು ಅರ್ಧ ದಾರಿಯಿಂದ ವಾಪಸ್ ಬರುತ್ತಿದ್ದರು. ಕೊನೆಗೊಂದು ದಿನ ಜೀಪಿನವನೇ ಇನ್ನು ನನ್ನಿಂದಾಗದು ಎಂದು ಕೈಮುಗಿದುಬಿಟ್ಟ.

'ಹಾಸನದ ಹಾಸ್ಟೆಲ್ಲಿಗೆ ಹಾಕ್ರಿ' ಎಂದರು ಪಾಳ್ಯದಲ್ಲಿದ್ದ ಯಜಮಾನರ ಅಕ್ಕ, ಗಂಗಕ್ಕ. ಬಸವ ಆಗಿನ್ನೂ ನನ್ನ ಸೆರಗು ಹಿಡಿದುಕೊಂಡು ನಿದ್ದೆ ಹೋಗುವ ಹುಡುಗ. 'ನಾನೇ ಮನೇಲಿ ಕಲಿಸ್ತೀನಿ' ಎಂದುಬಿಟ್ಟೆ. ಗಂಗಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಆಯ್ತು ಕಣಮ್ಮ, ಒಂದ್ ವರ್ಷ ನೋಡಾಣ. ಆಲೂರಿನ ಹೆಡ್‌ಮಾಸ್ಟ್ರು ನಮಗೆ ಗೊತ್ತಿರೋರು, ಅವರ ಮುಂದೆ ಕೂರ್ಸಾಣ. ತಡವರಿಸಿದ್ರೋ, ಅವತ್ತೇ ಹಾಸ್ಟೆಲ್ಲು' ಎಂದರು. ನಮ್ಮ ಮನೆಯಲ್ಲಿ ಗಂಗಕ್ಕನಿಗೆ ಎದುರಾಡುವವರಿರಲಿಲ್ಲ.

ನಾನು ಪಿಯುಸಿ ಓದಿದವಳು. ಶಾಲೆ ಎಂದರೆ ಯೂನಿಫಾರ್ಮು, ಪ್ರಾರ್ಥನೆ, ಟೈಮ್‌ಟೇಬಲ್ಲು ಎಂದಷ್ಟೇ ಗೊತ್ತು. ಆದ್ದರಿಂದ ಇಬ್ಬರಿಗೂ ಯೂನಿಫಾರ್ಮು ತೊಡಿಸಿ, ಶೂ ಹಾಕಿಸಿ, ಬ್ಯಾಗು ಹೊರಿಸಿ, ಅಡುಗೆಮನೆ ಬಾಗಿಲಿನಿಂದ ಹೊರಗೆ ಕಳಿಸುತ್ತಿದ್ದೆ. ಅವರು ಮನೆಯನ್ನು ಒಂದು ಸುತ್ತು ಹಾಕಿ ಮುಂಬಾಗಿಲಿಗೆ ಬರುವಷ್ಟರಲ್ಲಿ ನಾನು ಸೌಟು ಇಟ್ಟು, ಕೈಯೊರಸಿಕೊಂಡು, ಕನ್ನಡಕ ಏರಿಸಿ ಟೀಚರ್ ಆಗಿರಬೇಕು. ಮನೆಯಲ್ಲಿ ಅಮ್ಮ, ಜಗಲಿಯಲ್ಲಿ ಟೀಚರ್ ಎಂಬುದು ನನ್ನದೇ ಕಾನೂನು.

ಮೊದಲ ದಿನವೇ ಬಸವ ಎದ್ದು ನಿಂತು, 'ಟೀಚರ್, ನಮ್ಮಮ್ಮ ಇವತ್ತು ದೋಸೆ ಸೀಸಾಕ್ಬುಟ್ರು. ನಂಗೆ ಹೊಟ್ಟೆ ತುಂಬಿಲ್ಲ' ಎಂದು ದೂರು ಕೊಟ್ಟ. ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡಳು. ಗೌರಿ ಇನ್ನೂ ಒಂದು ಕೈ ಮೇಲು. 'ನಿಮ್ಮಮ್ಮನನ್ನ ಕರ್ಕೊಂಬನ್ನಿ ಅನ್ನಿ ಟೀಚರ್' ಎಂದು ಸಲಹೆ ಕೊಟ್ಟಳು.

ಶಾಲೆಗೆ ಬೆಲ್ ಇಲ್ಲದ್ದರಿಂದಲೇ ಈ ಅಶಿಸ್ತು ಎಂದು ತೀರ್ಮಾನಿಸಿದೆ. ಎಸ್ಟೇಟಿನ ಸ್ಟೋರಿನ ಹಿಂದೆ ಬಿದ್ದಿದ್ದ ಈ ಬ್ರೇಕ್ ಡ್ರಮ್ಮನ್ನು ತಂದು, ತಂತಿ ಕಟ್ಟಿ, ಜಗಲಿಯ ತೊಲೆಗೆ ನೇತುಹಾಕಿದೆ. ಮರುದಿನ ಇಂಟರ್‌ವೆಲ್ಲಿಗೆ ಸರಿಯಾಗಿ ಸ್ಪ್ಯಾನರಿನಿಂದ ನಾಲ್ಕು ಬಾರಿಸಿದೆ. ನಾದವೋ ನಾದ. ನನಗೇ ಮೈ ಜುಮ್ಮೆಂದಿತು.

ಕಾಫಿ ಹಣ್ಣು ಕೊಯ್ಲಿನ ಕಾಲ ಅದು. ಸ್ಟೋರಿನ ಮುಂದೆ ನೇತಾಡುವ ರೈಲು ಕಂಬಿಯ ತುಂಡನ್ನು ಹೊಡೆದರೆ ಆಳುಗಳು ಕೆಲಸಕ್ಕೆ ಹೋಗುವುದು, ಮತ್ತೆ ಹೊಡೆದರೆ ಕೆಲಸ ಬಿಡುವುದು. ಇಡೀ ಗುಡ್ಡ ಆ ಸದ್ದಿಗೆ ಏಳುತ್ತಿತ್ತು, ಕೂರುತ್ತಿತ್ತು. ಅದನ್ನು ನಾನು ಮರೆತೇಬಿಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಗುಡ್ಡದ ಮೇಲಿನಿಂದ ಹೆಂಗಸರು ಅರ್ಧಂಬರ್ಧ ತುಂಬಿದ ಚೀಲ ಹೊತ್ತು, ಮಾತಾಡಿಕೊಂಡು, ನಗುತ್ತ, ಸಾಲಾಗಿ ಇಳಿದರು. ಮುಂದಿದ್ದ ಲಕ್ಷ್ಮಮ್ಮನನ್ನು ತಡೆದು, ಇದು ಮಕ್ಕಳ ಬೆಲ್ಲು, ನೀವೆಲ್ಲ ವಾಪಸ್ ಹೋಗಿ ಎಂದು ಗೋಗರೆದೆ. ಆಕೆ ಚೀಲ ಇಳಿಸಿ ಅದರ ಮೇಲೇ ಕೂತು ಎಲೆಅಡಿಕೆ ಬಿಚ್ಚಿದಳು. 'ಬೆಲ್ ಆದ್ಮೇಲೆ ಕೆಲ್ಸ ಮಾಡಾಂಗಿಲ್ಲ ಕಣವ್ವ' ಎಂದಳು.

ಅವತ್ತೇ ಎಸ್ಟೇಟಿನ ಸಾಹುಕಾರರು ತೋಟಕ್ಕೆ ಬರಬೇಕೇ? ಕೊಯ್ಯುವವರೆಲ್ಲ ರೈಟರ ಮನೆಯ ಮುಂದೆ ಕೂತಿದ್ದಾರೆ, ನಡುವೆ ನನ್ನ ಮಗ ಯೂನಿಫಾರ್ಮಿನಲ್ಲಿ ಎಲ್ಲರಿಗೂ ಮಗ್ಗಿ ಒಪ್ಪಿಸುತ್ತಿದ್ದಾನೆ. ಸಾಹುಕಾರರು ನನ್ನತ್ತ ನೋಡದೆ ಯಜಮಾನರಿಗೆ ಹೇಳಿದರು: 'ರೈಟ್ರೇ, ಒಂದು ಎಸ್ಟೇಟಿಗೆ ಎರಡು ಬೆಲ್ ಬೇಡ.' ಯಜಮಾನರು ಸಂಜೆ ಡ್ರಮ್ಮು ಬಿಚ್ಚಿ ಹಿತ್ತಿಲಿಗೆ ಎಸೆದರು.

ಬೆಲ್ ಹೋಯಿತು, ಅದರ ಹಿಂದೆಯೇ ಟೈಮ್‌ಟೇಬಲ್ಲು ಹೋಯಿತು, ಯೂನಿಫಾರ್ಮು ಹೋಯಿತು. ಕನ್ನಡಕದ ಟೀಚರೂ ಹೋದಳು. ಶಾಲೆ ಶುರುವಾಗುವುದು ಯಾವಾಗ, ಮುಗಿಯುವುದು ಯಾವಾಗ ಯಾರಿಗೂ ತಿಳಿಯದು. ಗೌರಿ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಭಾಗಾಕಾರ ಶುರು ಮಾಡಿದರೆ ನಡುಮನೆಯಿಂದ ದೇವರ ಕೋಣೆಯವರೆಗೆ ಹೋಗುತ್ತಿತ್ತು, ಶೇಷ ಬರುವವರೆಗೆ ನಾನು ಕಸ ಗುಡಿಸುವಂತಿರಲಿಲ್ಲ. ಬಸವ ಬೆಲ್ಲ ಕಟ್ಟಿಬಂದ ಪೇಪರನ್ನು ನೆಕ್ಕಿಯೇ ಓದುತ್ತಿದ್ದ. ಸುದ್ದಿ ಅರ್ಧಕ್ಕೆ ಹರಿದಿದ್ದರೆ ಮುಂದೇನಾಯಿತು ಎಂದು ನನ್ನ ಪ್ರಾಣ ತಿನ್ನುತ್ತಿದ್ದ. ಇದನ್ನೆಲ್ಲ ಕಲಿಕೆ ಎಂದು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ನನ್ನ ಹಟಕ್ಕೆ ಮಕ್ಕಳ ಒಂದು ವರ್ಷ ಹಾಳಾಯಿತಲ್ಲ ಎಂದು ಒಲೆಯ ಮುಂದೆ ಅತ್ತಿದ್ದೂ ಉಂಟು.

ವರ್ಷ ತುಂಬಿದಾಗ ಆಲೂರಿನ ಶಾಲೆಗೆ ಗಂಗಕ್ಕ ಹೊಸ ತಗಡಿನ ಟ್ರಂಕು ಹಿಡಿದುಕೊಂಡೇ ಬಂದಿದ್ದರು, ಅಲ್ಲಿಂದಲೇ ನೇರ ಹಾಸನದ ಬಸ್ಸು ಹತ್ತಿಸುವ ಅಂದಾಜು. ಹೆಡ್‌ಮಾಸ್ಟರು ಗೌರಿಗೆ ಲೆಕ್ಕ ಕೊಟ್ಟರು, ಬಸವನಿಗೆ ಪುಸ್ತಕ ಕೊಟ್ಟರು. ನಾನು ಟ್ರಂಕಿನ ಚಿಲಕವನ್ನೇ ನೋಡುತ್ತ ಕೂತೆ. ಅಷ್ಟರಲ್ಲಿ ಢಣಢಣ ಎಂದು ಊಟದ ಬೆಲ್ಲಾಯಿತು. ಇಡೀ ಶಾಲೆ ಕೂಗುತ್ತ ಅಂಗಳಕ್ಕೆ ನುಗ್ಗಿತು. ನಮ್ಮವೆರಡೂ ತಲೆ ಎತ್ತಲಿಲ್ಲ.

'ಬೆಲ್ ಆಯ್ತು, ಏಳ್ರಪ್ಪ' ಎಂದರು ಹೆಡ್‌ಮಾಸ್ಟರು.

'ಆಗ್ಲಿ ಸಾರ್. ಇನ್ನೂ ಶೇಷ ಬಂದಿಲ್ಲ' ಎಂದಳು ಗೌರಿ.

ಬಸವ, 'ಸಾರ್, ಇದ್ರಲ್ಲಿ ಕೊನೇ ಹಾಳೆ ಹರ್ದೋಗೈತೆ. ಮುಂದೇನಾಯ್ತು?' ಎಂದ. ಹೆಡ್‌ಮಾಸ್ಟರು ತಮ್ಮ ಊಟದ ಡಬ್ಬಿ ಪಕ್ಕಕ್ಕಿಟ್ಟು, ಮುಂದೇನಾಯಿತೆಂದು ಪೂರ್ತಿ ಹೇಳಿದರು. ಆಮೇಲೆ ಗಂಗಕ್ಕನ ಕಡೆ ತಿರುಗಿ, 'ನಮ್ಮ ಹುಡುಗ್ರು ಬೆಲ್ಲಿಗೆ ಮೊದ್ಲೇ ಬ್ಯಾಗ್ ಕಟ್ಟಿರ್ತಾರೆ. ಇವು ಇನ್ನೊಂದ್ ವರ್ಷ ಮನೇಲೇ ಇರ್ಲಿ ಬಿಡಿ ಅಮ್ಮ' ಎಂದರು. ಊರಿಗೆ ಬರುವ ಬಸ್ಸಿನಲ್ಲಿ ನಾನು ಟ್ರಂಕು ತಬ್ಬಿಕೊಂಡು ಅತ್ತೆ. ಗಂಗಕ್ಕ ಕಿಟಕಿಯ ಹೊರಗೆ ನೋಡಿದರು. ಟ್ರಂಕು ಮಾತ್ರ ವಾಪಸ್ ಕೇಳಲಿಲ್ಲ. ಈಗಲೂ ಅದರಲ್ಲಿ ರಾಗಿ ಹಿಟ್ಟಿದೆ.

ಇಷ್ಟನ್ನೂ ಕೇಳಿ ಗೌರಿ ಮೊಬೈಲು ಬದಿಗಿಟ್ಟಳು. ಹೊರಡುವಾಗ, 'ಈ ಡ್ರಮ್ಮು ನನಗೆ ಕೊಡಮ್ಮ' ಎಂದಳು.

'ಹೊಡೆಯೋಕಾ?'

'ಹೊಡೀಬಾರ್ದು ಅಂತ ನೆನಪಿರೋಕೆ.'

ಇಷ್ಟು ವರ್ಷ ನನ್ನ ಮರ್ಯಾದೆ ಹೋದದ್ದರ ಗುರುತು ಎಂದೇ ಅದನ್ನು ಕುಂಡದ ಕೆಳಗೆ ಮುಚ್ಚಿಟ್ಟಿದ್ದೆ. ಮಗಳು ಅದನ್ನು ಕೇಳಿ ಪಡೆದದ್ದು ಕಂಡು ಹೆಮ್ಮೆಯಾಯಿತು, ಸುಳ್ಳೇಕೆ, ಹೊಟ್ಟೆಕಿಚ್ಚೂ ಆಯಿತು. ಅವಳಿಗೆ ಆ ದಿನಗಳೆಲ್ಲ ಇನ್ನು ಮುಂದಿವೆ.

ಅವಳು ಹಳೆಯ ತಂತಿ ಹಿಡಿದು ಡ್ರಮ್ಮನ್ನು ಕಾರಿನ ಡಿಕ್ಕಿಗೆ ಎತ್ತುತ್ತಿದ್ದಂತೆ, ಮೊಮ್ಮಗ ಅಲ್ಲಿದ್ದ ಸ್ಪ್ಯಾನರು ತೆಗೆದು ಒಂದು ಬಿಟ್ಟ. ಢಣ್ ಎಂದಿತು. ತುಕ್ಕು ಹಿಡಿದಿದ್ದರೂ ನಾದ ಹಾಗೇ ಇತ್ತು. ಮೊರದ ತುಂಬ ಮೆಣಸು ಉಳಿದಿತ್ತು. ನಾನು ಮೊರ ಕೆಳಗಿಟ್ಟು, ಕಾಲು ಚಾಚಿ, ಜಗಲಿಯ ಕಂಬಕ್ಕೆ ಒರಗಿದೆ. ಬೆಲ್ ಆದ ಮೇಲೆ ಕೆಲಸ ಮಾಡುವಂತಿಲ್ಲ.