ದಾರಿ ತಪ್ಪಿದ್ದು ವಿಠ್ಠಲಣ್ಣನಲ್ಲ

ಸಗುಣಾ, ನಿನ್ನ ಅಪ್ಪ ದಾರಿ ತಪ್ಪಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ನಿನಗೆ ಹೇಳಿದ್ದು ಸುಳ್ಳು.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಬೆಳಗಾವಿಯ ಅನಗೋಳದವನು, ಸರ್ವೆ ಕೆಲಸದವನು. ಕಣಕುಂಬಿಯ ಕಾಡಿನಲ್ಲಿ ಒಂದು ಹಳೆಯ ಗಡಿಕಲ್ಲನ್ನು ಹುಡುಕಬೇಕಿತ್ತು. ಕಚೇರಿಗೆ ಆಗಷ್ಟೇ ಜಿಪಿಎಸ್ ಬಂದಿತ್ತು — ಅಂಗೈಯಗಲದ ಯಂತ್ರ. ಅದರಲ್ಲಿ ದಾರಿ, ಹಳ್ಳ ಏನೂ ಕಾಣುತ್ತಿರಲಿಲ್ಲ. ಒಂದು ಬಾಣ, ಎಷ್ಟು ದೂರ ಎಂಬ ಅಂಕಿ, ಅಷ್ಟೇ. ಎಮ್ಮೆ ಕಾಯುತ್ತ ಆ ಕಾಡಿನಲ್ಲೇ ಬೆಳೆದ ನಿನ್ನ ಅಪ್ಪ ವಿಠ್ಠಲಣ್ಣನನ್ನು ದಾರಿ ತೋರಿಸಲು ಜೊತೆಗೆ ಕರೆದುಕೊಂಡಿದ್ದೆ.

ಬಾಣ ನೇರಕ್ಕೆ ತೋರಿಸುತ್ತಿತ್ತು, ಆರುನೂರು ಮೀಟರ್. ಅವನು ನಿಂತುಬಿಟ್ಟ.

"ಇಲ್ಲಿ ಬ್ಯಾಡ್ರಿ ಸಾಹೇಬ್ರ. ಪೊದಿ ಹಿಂದ ಕೊಳ್ಳ ಐತಿ. ಸುತ್ತ ಹಾಕಿ ಹೋಗೂಣು, ಒಂದ್ ತಾಸ ಹೆಚ್ಚ ಹಿಡಿತೈತಿ."

"ಯಂತ್ರಕ್ಕ ನಿನಗಿಂತ ಹೆಚ್ಚ ಗೊತ್ತೈತಿ. ನಡಿ ಮುಂದ."

ನನ್ನನ್ನೊಮ್ಮೆ ನೋಡಿದ. ಕೂಲಿಗೆ ಬಂದವನು. ಪೊದೆ ಸರಿಸಿ ನಡೆದ. ಒದ್ದೆ ಕಲ್ಲು, ಕಾಲು ಜಾರಿತು. ಕೂಗಲೂ ಇಲ್ಲ, ಕೊಂಬೆ ಮುರಿದ ಸದ್ದಷ್ಟೇ ಕೇಳಿಸಿತು.

ಊರಿನವರನ್ನು ಕರೆತಂದು ಮೇಲೆತ್ತಿ, ಖಾನಾಪುರ ದಾಟಿ ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದೆವು. ಸೊಂಟ ಮುರಿದಿತ್ತು. ನೀನು ಓಡಿ ಬಂದೆ, ಮಂಚದ ಪಕ್ಕ ನಿಂತು ನನ್ನನ್ನೇ ಕೇಳಿದೆ:

"ಅಪ್ಪಾಗ ಆ ಅಡವಿ ಮನಿ ಅಂಗಳ ಇದ್ದಂಗ. ಆ ಕೊಳ್ಳದ ಕಡಿ ಯಾಕ ಹೋದ್ರಿ?"

"ದಾರಿ ನಿಮ್ಮಪ್ಪನೇ ತೋರ್ಸಿದ್ದು. ನಾ ಹಿಂದಿದ್ನಿ."

ಹಿಂದಿದ್ದೆ ಎಂಬುದಾದರೂ ನಿಜವಲ್ಲವೇ ಎಂದು ಎಷ್ಟೋ ವರ್ಷ ನಾನು — ಇರಲಿ. ಅವನಿಗೆ ಎಚ್ಚರವಿತ್ತು. ನನ್ನ ಕಡೆ ನೋಡದೆ ನಿನಗೆ ಹೇಳಿದ: "ಹೂಂನವ್ವಾ, ನನ್ನ ಕಣ್ಣ ಮಂಜಾಗ್ಯಾವು."

ಯಾಕೆ ಹಾಗೆಂದನೋ ನಾನು ಕೇಳಲಿಲ್ಲ. ಆಗ ನನಗೆ ಏನೂ ಅನಿಸಲಿಲ್ಲ. ಹೊರಗೆ ಹೋಗಿ ಚಹಾ ಕುಡಿದೆ. ವರದಿಯಲ್ಲೂ ಅವನೇ ದಾರಿ ತಪ್ಪಿದನೆಂದು ಬರೆದೆ.

ಅವನು ಮತ್ತೆ ಕಾಡು ಹತ್ತಲಿಲ್ಲ. ಕುಂಟುತ್ತ ಅಂಗಡಿ ಕಟ್ಟೆಗೆ ಬಂದರೆ, "ವಿಠ್ಠಲನ ಬೆನ್ನ ಹತ್ತಬ್ಯಾಡ್ರಿ, ಕೊಳ್ಳಕ್ಕ ಒಯ್ತಾನ" ಎಂದು ಜನ ನಗುತ್ತಿದ್ದರಂತೆ. ಅವನೂ ನಗುತ್ತಿದ್ದನಂತೆ. ಹೋದ ತಿಂಗಳು ಅವನು ತೀರಿಕೊಂಡ ಸುದ್ದಿ ಬಂತು. ಅಳು ಬರಲಿಲ್ಲ. ಇದನ್ನು ಬರೆಯುವಾಗಲೂ —

ಭಾನುವಾರ ಬೆಳಗಿನ ಬಸ್ಸಿಗೆ ಕಣಕುಂಬಿಗೆ ಬರುತ್ತೇನೆ. ಮೊದಲು ನಿನ್ನ ಮನೆಗೆ. ಆಮೇಲೆ ಆ ಕಟ್ಟೆಗೆ, ಜನ ಸೇರಿರುವ ಹೊತ್ತಿಗೆ. ಅವನು ಬೇಡವೆಂದದ್ದನ್ನೂ ನಾನು ನಡಿ ಎಂದದ್ದನ್ನೂ ಅಲ್ಲಿ ಹೇಳುತ್ತೇನೆ. ನೀನು ಬಾಗಿಲು ತೆರೆಯದಿದ್ದರೂ ಹೇಳುತ್ತೇನೆ.