ಗಾಳಿ ಚಪ್ಪಲಿಯ ಕಾನೂನು

ಜೋಗುಪಾಳ್ಯದ ನಮ್ಮ ವಠಾರಕ್ಕೆ ಸಂಜೆ ನಾಲ್ಕೂವರೆಗೆ ನಲ್ಲಿ ನೀರು ಬರುತ್ತಿದ್ದ ಕಾಲ ಅದು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೇಸಿಗೆ ರಜೆಯಲ್ಲಿ ಊಟವಾದ ಮೇಲೆ ನೀರು ಬರುವವರೆಗಿನ ಹೊತ್ತಷ್ಟೇ ಮಕ್ಕಳದ್ದು. ಆಮೇಲೆ ಕೆಳಗಿಂದ ಕೂಗು, ಬಿಂದಿಗೆ, ಸಾಲು, ಜಗಳ. ಆ ಹೊತ್ತಿನ ಬೆಲೆ ನಿಮ್ಮಲ್ಲೂ ಹಲವರಿಗೆ ಗೊತ್ತಿರುತ್ತದೆ.

ಆ ವರ್ಷ ನಾವು ತಾರಸಿಯಲ್ಲಿ, ಸಿಮೆಂಟಿನ ತೊಟ್ಟಿಯ ನೆರಳಲ್ಲಿ, ಒಂದು ಹೊಸ ಆಟ ಆಡಿದೆವು. ಎದುರು ಮನೆಯ ಜೆರಾಲ್ಡ್ ಶಿವಾಜಿನಗರದ ಹಳೇ ಪುಸ್ತಕದ ಗಾಡಿಯಲ್ಲಿ ಅದರ ಇಂಗ್ಲಿಷ್ ಪುಸ್ತಕ ಹುಡುಕಿ ತಂದಿದ್ದ. ಅವನಿಗೆ ಹದಿನಾಲ್ಕು. ಇಂಗ್ಲಿಷ್ ಸರಾಗವಾಗಿ ಓದುತ್ತಿದ್ದವನು ಅವನೊಬ್ಬನೇ, ಆದ್ದರಿಂದ ಕಥೆ ಹೇಳುವವನೂ ಅವನೇ. ಉಳಿದವರು ಆ ಕಥೆಯೊಳಗಿನ ಜನ. ಸರದಿ ಬಂದಾಗ ಏನು ಮಾಡುತ್ತೇವೆಂದು ಬಾಯಿಬಿಟ್ಟು ಹೇಳಬೇಕು, ದಾಳ ಹಾಕಬೇಕು. ಆಗುತ್ತದೋ ಇಲ್ಲವೋ ದಾಳದ ತೀರ್ಮಾನ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಮನೆಯಾಗಿ ಗೆರೆ ಎಳೆದ ಕೋಟೆ. ನಾನು ಕತ್ತಿ ಹಿಡಿದವಳು, ನನ್ನ ಗುರುತು ಅಂಗಿಯ ಕೆಂಪು ಗುಂಡಿ. ಕೆಳಮನೆಯ ಫಯಾಜ್ ಮಂತ್ರವಾದಿ, ಅವನದು ಸೋಡಾ ಮುಚ್ಚಳ. ಶರಣಮ್ಮನದು ಹುಣಸೆ ಬೀಜ.

ಶರಣಮ್ಮ ರಾಯಚೂರು ಕಡೆಯವಳು. ನನ್ನಷ್ಟೇ ಹತ್ತು ವರ್ಷದವಳು. ಅವಳ ಅಪ್ಪ ಇಂದಿರಾನಗರದಲ್ಲಿ ಏಳುತ್ತಿದ್ದ ಮನೆಗಳಿಗೆ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ವಠಾರದ ಹಿಂದಿನ ಒಂಟಿ ಕೋಣೆಗೆ ಅವರು ಬಂದು ಎರಡು ತಿಂಗಳೂ ಆಗಿರಲಿಲ್ಲ. ಅವಳು ಕಾಗದದಲ್ಲಿ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಕಟ್ಟಿ ತರುತ್ತಿದ್ದಳು. ದಾವಣಗೆರೆಯ ನನ್ನಮ್ಮ ಕೊಟ್ಟ ಮಂಡಕ್ಕಿಗೆ ಅದನ್ನು ಕಲಸಿದರೆ ಬೆರಳಲ್ಲಿ ಬೆಳ್ಳುಳ್ಳಿ ವಾಸನೆ ರಾತ್ರಿಯವರೆಗೂ ಉಳಿಯುತ್ತಿತ್ತು. ಹಿಂಡಿ ತಿಂದೆವು, ಅವಳ ಮಾತಿಗೆ ನಕ್ಕೆವು, ಅವಳನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಂಡೆವು. ಚಿಕ್ಕವರನ್ನೂ ಆಟ ಬಾರದವರನ್ನೂ ಹಾಗೆ ಸೇರಿಸಿಕೊಳ್ಳುವುದು ನಮ್ಮ ಬೀದಿಯ ರೂಢಿ. ಅದರಲ್ಲಿ ತಪ್ಪಿದೆಯೆಂದು ಆಗ ನನಗೆ ಅನ್ನಿಸಿರಲಿಲ್ಲ.

ಮೇ ತಿಂಗಳ ಮೊದಲಲ್ಲಿ, ಕಥೆಯೊಳಗಿನ ಒಂದು ಪೆಟ್ಟಿಗೆಯಲ್ಲಿ, ನನಗೆ ಗಾಳಿ ಚಪ್ಪಲಿ ಸಿಕ್ಕಿತು. ಪುಸ್ತಕದ ಚಿತ್ರದಲ್ಲಿ ಅದು ಮೊಣಕಾಲುದ್ದದ ಬೂಟು. ನಮ್ಮ ಬಾಯಲ್ಲಿ ಚಪ್ಪಲಿ.

“ಇದು ಹಾಕ್ಕೊಂಡ್ರೆ ಸಖತ್ ಸ್ಪೀಡು,” ಎಂದ ಜೆರಾಲ್ಡ್. “ಎಲ್ಲರಿಗೂ ಒಂದು ಚಾನ್ಸ್, ಸುಧಾಗೆ ಎರಡು. ಬುಕ್ಕಲ್ಲೇ ಇದೆ.”

ಒಂದು ದಿನ ಹಾಗೆ ಆಡಿದೆವು. ನಾನು ಎರಡೆರಡು ಸಲ ಆಡುವಷ್ಟರಲ್ಲಿ ನೀರು ಬಂದುಬಿಟ್ಟಿತು, ಕೋಟೆಯ ಮೊದಲ ಬಾಗಿಲೂ ದಾಟಿರಲಿಲ್ಲ. ಮರುದಿನ ಫಯಾಜ್ ಉಪಾಯ ಹೇಳಿದ: “ಅರೆ, ಶರಣಮ್ಮ ಲೆಕ್ಕಕ್ಕಿಲ್ಲ ತಾನೇ? ಅವಳ ಚಾನ್ಸ್ ಇವಳಿಗೆ ಕೊಡು ಗುರು. ಟೈಮ್ ಸರಿಹೋಗುತ್ತೆ.”

ಸರಿಹೋಯಿತು. ನಾಲ್ಕು ದಿನ ನನ್ನ ಕೆಂಪು ಗುಂಡಿ ಕೋಟೆಯ ತುಂಬ ಓಡಾಡಿತು. ಆ ನಾಲ್ಕು ದಿನ ನನಗೆ ಖುಷಿಯಾಗಿತ್ತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಹುಣಸೆ ಬೀಜ ಬಾಗಿಲಲ್ಲೇ ಇತ್ತು. ಶರಣಮ್ಮ ಮೊಣಕಾಲಿಗೆ ಗದ್ದ ಊರಿ ನೋಡುತ್ತಿದ್ದಳು.

ಐದನೆಯ ದಿನ ನಾನು ಎರಡನೇ ಸಲಕ್ಕೆ ದಾಳ ಎತ್ತಿಕೊಂಡಾಗ ಅವಳು ಕೇಳಿದಳು: “ನನ್ ಪಾಳಿ ಎಲ್ಲಿ ಹೋತು?”

“ಸುಧಾ ಚಪ್ಪಲಿಗೆ ಹೋಯ್ತು,” ಎಂದು ಫಯಾಜ್ ನಕ್ಕ.

ಅವಳು ಎದ್ದು ಬಂದು ಸೀಮೆಸುಣ್ಣದ ನಕ್ಷೆಯ ನಟ್ಟನಡುವೆ ಕುಳಿತುಬಿಟ್ಟಳು.

ಅಷ್ಟು ಹೊತ್ತಿಗೆ ತೊಟ್ಟಿಯ ನೆರಳು ಸರಿದು ನಕ್ಷೆಯ ಅರ್ಧ ಬಿಸಿಲಿಗೆ ಬಿದ್ದಿತ್ತು. ಅವಳು ಕೂತದ್ದು ಬಿಸಿಲಿನ ಅರ್ಧದಲ್ಲಿ. ಬರಿಗಾಲಲ್ಲಿ ಅಲ್ಲಿ ನಿಲ್ಲುವುದೇ ಕಷ್ಟ.

“ಏಯ್, ಎದ್ದೇಳೇ. ಮ್ಯಾಪೆಲ್ಲ ಅಳಿಸೋಗುತ್ತೆ,” ಎಂದ ಜೆರಾಲ್ಡ್.

“ಏಳಂಗಿಲ್ಲ.”

“ನಾಳೆಯಿಂದ ಆಟಕ್ಕೇ ಬರ್ಬೇಡ ಹಾಗಾದ್ರೆ.”

“ಈಗೇನ್ ಆಟದಾಗ ಅದೀನೇನು?”

“ಬಿಡು ಗುರು,” ಎಂದ ಫಯಾಜ್. “ತವಾ ಮೇಲೆ ಕೂತಿದ್ದಾಳೆ. ತಾನೇ ಎದ್ದೇಳ್ತಾಳೆ ನೋಡು.”

ನಾವು ಕಾದೆವು. ಎಷ್ಟು ಹೊತ್ತು ಎಂದು ಹೇಳಲಾರೆ. ಅವಳು ಮೊದಲು ಒಂದು ಅಂಗೈ ಊರಿದಳು, ತೆಗೆದಳು, ಇನ್ನೊಂದನ್ನು ಊರಿದಳು. ಲಂಗವನ್ನು ಕಾಲಡಿಗೆ ಎಳೆದುಕೊಂಡಳು. ತುಟಿಯ ಮೇಲೆ ಬೆವರು ಕೂತಿತ್ತು. ಅಳಲಿಲ್ಲ. ಅವಳು ಅಂಗೈ ಮಗುಚಿದಾಗ ಅದು ಕೆಂಪಾಗಿದ್ದನ್ನು ನಾನು ಕಂಡೆ. ಕಂಡ ಮೇಲೂ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ದಾಳ ಕೆಳಗಿಟ್ಟೆ.

“ನಂಗೆ ಚಪ್ಪಲಿ ಬೇಡ. ಬಿಟ್ಬಿಡ್ತೀನಿ,” ಎಂದೆ.

ಅವಳು ನನ್ನ ಕಡೆ ತಿರುಗಿದಳು. ಜೆರಾಲ್ಡನಿಗಿಂತ ನನ್ನ ಮೇಲೇ ಅವಳಿಗೆ ಸಿಟ್ಟು ಹೆಚ್ಚಿತ್ತು.

“ನೀ ಯಾಕ ಬಿಡ್ತಿ? ಬಿಡಬ್ಯಾಡ. ಹಾಕ್ಕೋ, ಓಡು. ಮೂರು ಮನಿ ಹೋಗಾಕಿ ಆರು ಮನಿ ಹೋಗು. ಯಾರ್ ಬ್ಯಾಡ ಅಂದಾರ? ಚಪ್ಪಲಿ ಕಾಲಿಗೆ ಹಾಕ್ಕೊಂತಾರ. ನೀ ಜೋರ್ ಓಡಾಕತ್ತಿದಿ ಅಂತ ನಾ ಯಾಕ ಬಾಯಿ ಮುಚ್ಚಿ ಕುಂದ್ರಬೇಕು?”

“ಬುಕ್ಕಲ್ಲಿ ಎರಡು ಚಾನ್ಸ್ ಅಂತಾನೇ ಬರ್ದಿದಾರೆ,” ಎಂದ ಜೆರಾಲ್ಡ್. ಅವನ ದನಿ ಇಳಿದಿತ್ತು.

“ತಪ್ಪು ಬರ್ದಾರ. ತಿದ್ದು.”

ಅಚ್ಚಾದ ಇಂಗ್ಲಿಷ್ ಪುಸ್ತಕವನ್ನು ತಪ್ಪು ಎಂದು ಹೇಳಬಹುದೆಂಬುದು ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಜೆರಾಲ್ಡ್ ಬಹಳ ಹೊತ್ತು ಆ ಪುಟ ನೋಡಿದ. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದ. “ಸರಿ ತಾಯಿ, ನೀನೇ ಹೇಳು, ಬರ್ಕೊತೀನಿ.”

ಅವಳು ಹೇಳಿದಳು, ಅವನು ಅಂಚಿನಲ್ಲಿ ಬರೆದ: ಚಪ್ಪಲಿ ಹಾಕಿದವರು ಎರಡರಷ್ಟು ದೂರ ಹೋಗಬಹುದು, ಎರಡು ಸಲ ಆಡುವಂತಿಲ್ಲ, ಯಾರ ಪಾಳಿಯೂ ಯಾರಿಗೂ ಹೋಗುವುದಿಲ್ಲ.

ಅವಳು ಎದ್ದಳು. ಕೋಟೆಯ ನಡುಭಾಗ ಲಂಗಕ್ಕೆ ಅಂಟಿ ಹೋಗಿತ್ತು.

“ಹೇಳಮ್ಮಾ, ನಿನ್ ಚಾನ್ಸು,” ಎಂದ ಜೆರಾಲ್ಡ್. “ಏನ್ ಮಾಡ್ತೀಯಾ?”

ಕಥೆಯಲ್ಲಿ ಬಾಗಿಲಾಚೆ ಕೋಟೆಯ ರಾಕ್ಷಸನ ಕಾವಲುಗಾರರಿದ್ದರು. ಅವಳು ನಮ್ಮ ಮೂವರನ್ನೂ ಒಮ್ಮೆ ನೋಡಿದಳು. ಅವಸರ ಮಾಡಲಿಲ್ಲ.

“ನನಗ ನೀರಡಿಕೆ ಆಗೇತಿ. ಬಾವಿ ಹುಡುಕ್ತೀನಿ.”

“ಬಾವಿನಾ? ಕೋಟೇಲಿ ಬಾವಿ ಇಲ್ವಲ್ಲ.”

“ಬಾವಿ ಇಲ್ಲದ ಕೋಟಿ ಎಲ್ಲಿರ್ತದ? ಒಳಗಿನ ಮಂದಿ ಏನ್ ಕುಡೀತಾರ?”

ಜೆರಾಲ್ಡ್ ದಾಳವನ್ನು ಅವಳ ಕೈಗೆ ಕೊಟ್ಟ. ಅವಳು ದಾಳ ಹಾಕಿದಳು, ಐದು ಬಿತ್ತು. ಅಳಿಸಿಹೋದ ಜಾಗದಲ್ಲಿ ಅವನು ಒಂದು ಬಾವಿ ಬರೆದ. ಅವಳು ಹುಣಸೆ ಬೀಜವನ್ನು ಅದರ ಕಟ್ಟೆಯ ಮೇಲೆ ಇಟ್ಟು, “ಆತು, ನಂದ್ ಮುಗೀತು,” ಎಂದಳು. ಆ ದಿನ ಆಟ ಮುಂದೆ ಹೋಗಲಿಲ್ಲ. ಕೆಳಗೆ ನೀರು ಬಂದಿತ್ತು.

ಶಾಲೆ ಶುರುವಾಗುವ ಮೊದಲೇ ಅವಳ ಅಪ್ಪನಿಗೆ ಗರುಡಾಚಾರ್‌ಪಾಳ್ಯದ ಕಡೆ ಕೆಲಸ ಸಿಕ್ಕಿ ಅವರು ಕೋಣೆ ಬಿಟ್ಟರು. ಮತ್ತೆ ಅವಳನ್ನು ನೋಡಿಲ್ಲ.

ಈಗ ಇಂಥ ಆಟಗಳು ಕಂಪ್ಯೂಟರಿನಲ್ಲೇ ಬರುತ್ತವೆ. ನನ್ನ ಮಗಳೂ ಆಡುತ್ತಾಳೆ. ಅವಳ ನಾಯಕಿಗೂ ಅಂಥ ಬೂಟು ಸಿಕ್ಕಿದೆ. ತೊಟ್ಟಾಗ ಉಳಿದವರೆಲ್ಲ ನಿಂತಲ್ಲೇ ನಿಂತಿರುತ್ತಾರೆ, ಅವಳು ಎರಡೆರಡು ಸಲ ಕತ್ತಿ ಬೀಸುತ್ತಾಳೆ. ನಿಂತವರಲ್ಲಿ ಒಬ್ಬರಾದರೂ ತಿರುಗಿ ಕೇಳುವುದಿಲ್ಲ. ಪರದೆಯ ಆಚೆ ಅಂಥವರು ಇಲ್ಲವೇ ಇಲ್ಲ. ಕಳೆದುಹೋದದ್ದು ಅದು. ನಮ್ಮ ವೇಗಕ್ಕೆ ಯಾರ ಸರದಿ ಖರ್ಚಾಗುತ್ತಿತ್ತೋ ಅವರು ಆಗ ಮೂರು ಅಡಿ ದೂರದಲ್ಲಿ ಗದ್ದ ಊರಿ ಕೂತಿರುತ್ತಿದ್ದರು.

“ಈ ರೂಲೇ ತಪ್ಪು,” ಎಂದೆ ಮೊನ್ನೆ. “ಸ್ಪೀಡು ಅಂದ್ರೆ ದೂರ ಹೋಗ್ಬೇಕು. ಇನ್ನೊಬ್ರ ಸರದಿ ತಿನ್ಬಾರ್ದು.”

“ಅಮ್ಮ, ಗೇಮ್ ಮಾಡ್ದೋರ್ಗೆ ನಿಂಗಿಂತ ಚೆನ್ನಾಗಿ ಗೊತ್ತಿರುತ್ತೆ.”

“ಗೊತ್ತಿಲ್ಲ,” ಎಂದೆ. ಅವಳು ನಕ್ಕಳು. ನಗಲಿ. ನಾಲ್ಕು ದಿನ ಮತ್ತು ಒಂದು ಮಧ್ಯಾಹ್ನ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟು ಸಾಕು.